ರಟ್ಟಣ್ಣನ ಸೈಟ್ ಮ್ಯಾಪು

ಮನೆಯವರು ಅವನಿಗೆ ಇಟ್ಟ ಹೆಸರು ಬೇರೆ. ಆದರೆ ನಲವತ್ತು ವರ್ಷ ರಟ್ಟು ಕತ್ತರಿಸಿ, ಅಂಟು ಹಚ್ಚಿ, ಮುರಿದ ಪುಸ್ತಕಗಳ ಬೆನ್ನು ನೆಟ್ಟಗೆ ಮಾಡಿದವನನ್ನು ಜನ ರಟ್ಟಣ್ಣ ಎಂದೇ ಕರೆದರು. ಈಗ ಬ್ಯಾಂಕಿನಲ್ಲಿ ಯಾರಾದರೂ ಅವನ ನಿಜವಾದ ಹೆಸರು ಕೂಗಿದರೆ, ಆ ಪುಣ್ಯಾತ್ಮ ಎಲ್ಲಿದ್ದಾನೋ ಎಂದು ಅವನೇ ಅತ್ತಿತ್ತ ನೋಡುತ್ತಾನೆ. ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಅವನು ಹೊಲಿದ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟರೆ ಬಿಚ್ಚಿಟ್ಟ ಹಾಗೇ ಇರುತ್ತದೆ, ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಇದ್ದದ್ದು ಒಂದೇ ಐಬು. ಹೇಳಿದ ದಿನ ಕೆಲಸ ಮುಗಿಸಿ ಕೊಟ್ಟವನೇ ಅಲ್ಲ. ಯಾರು ಬಂದು ಕೇಳಿದರೂ ತಲೆ ಎತ್ತದೆ, ಹಲ್ಲಲ್ಲಿ ದಾರ ಕಚ್ಚಿಕೊಂಡೇ "ನಾಳೆ ಬನ್ನಿ" ಎನ್ನುತ್ತಿದ್ದ. ಆ ನಾಳೆ ಯಾವ ಕ್ಯಾಲೆಂಡರಿನಲ್ಲಿತ್ತೋ ಅವನಿಗೂ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಹಳೆಯ ಅಂಗಡಿಗೆ ಬಂದಿದ್ದಳು. ಹಾಳೆ ಉದುರುತ್ತಿದ್ದ ನಾಲ್ಕು ನೋಟ್‌ಬುಕ್ಕುಗಳನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಳು.

"ನಮ್ಮಮ್ಮ ಬರೆದಿದ್ದು. ಮನೆಕೆಲಸ ಎಲ್ಲ ಮುಗಿದ ಮೇಲೆ ಕೂತ್ಕೊಂಡು ಅವತ್ತಿನ ಸಿಟ್ಟೆಲ್ಲ ಬರೀತಿದ್ರು," ಎಂದಳು. "ನಾಲ್ಕನ್ನೂ ಸೇರಿಸಿ ಒಂದೇ ಪುಸ್ತಕ ಮಾಡಿ. ಬೆನ್ನ ಮೇಲೆ ಬಂಗಾರದ ಅಕ್ಷರದಲ್ಲಿ 'ಅಮ್ಮನ ಗೊಣಗಾಟ' ಅಂತ ಹಾಕಿ."

ರಟ್ಟಣ್ಣ ನಕ್ಕ. ಅವಳು ನಗಲಿಲ್ಲ.

"ಈಗೀಗ ಅಮ್ಮಂಗೆ ಮರೆವು. ನನ್ನನ್ನೇ ಯಾರು ನೀನು ಅಂತಾರೆ. ಅವರ ಮಾತು ಅವರಿಗೇ ಓದಿ ಹೇಳಿದ್ರೆ ಏನಾದ್ರೂ ನೆನಪಾಗಬಹುದೇನೋ ಅಂತ ಆಸೆ. ಸ್ವಲ್ಪ ಬೇಗ ಕೊಡಿ."

"ನಾಳೆ ಬನ್ನಿ," ಎಂದ ರಟ್ಟಣ್ಣ. ಅವಳು ಬಂದಳು. ಇನ್ನೊಮ್ಮೆ ಬಂದಳು, ಮತ್ತೊಮ್ಮೆಯೂ ಬಂದಳು. ಮೂರು ಸಲವೂ ಅದೇ ಮಾತು ಕೇಳಿಸಿಕೊಂಡು ಹೋದಳು. ಅಷ್ಟರಲ್ಲಿ ರಸ್ತೆ ಅಗಲ ಮಾಡುವವರು ಬಂದು ಎರಡೇ ದಿನದಲ್ಲಿ ಅಂಗಡಿ ಖಾಲಿ ಮಾಡಿಸಿದರು. ರಟ್ಟಣ್ಣ ಕಟಿಂಗ್ ಮಷಿನ್ನು, ಪ್ರೆಸ್ಸು, ಪುಸ್ತಕಗಳನ್ನೆಲ್ಲ ತಳ್ಳುಗಾಡಿಯಲ್ಲಿ ಹೇರಿಕೊಂಡು ಊರ ಇನ್ನೊಂದು ತುದಿಗೆ, ಟೈರ್ ಅಂಗಡಿಯ ಹಿಂದಿನ ಮಹಡಿಯ ರೂಮಿಗೆ ಹೋದ. ಹೋಗುವ ಮುಂಚೆ ಬುದ್ಧಿವಂತಿಕೆಯಿಂದ ಹೊಸ ವಿಳಾಸವನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಗಡಿಯ ಗೋಡೆಗೆ ಅಂಟಿಸಿದ. ಅವನ ಅಂಟು ಗಟ್ಟಿಯಾಗಿತ್ತು, ಚೀಟಿ ಬೀಳಲಿಲ್ಲ. ಮರುದಿನ ಗೋಡೆಯನ್ನೇ ಕೆಡವಿದರು.

ಹೊಸ ಜಾಗದಲ್ಲಿ ಅವನು ಮೊದಲು ಕೈಗೆತ್ತಿಕೊಂಡದ್ದು ಆ ಗೊಣಗಾಟವನ್ನೇ. ನಾಲ್ಕೇ ದಿನದಲ್ಲಿ ಮುಗಿಯಿತು. ನಾಲ್ಕು ದಿನದ ಕೆಲಸಕ್ಕೆ ತಾನು ಎರಡು ತಿಂಗಳು ಅಲೆದಾಡಿಸಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಆ ಹೆಂಗಸಿನ ಫೋನ್ ನಂಬರು ಬರೆದುಕೊಂಡಿರಲಿಲ್ಲ, ಹೆಸರೂ ಕೇಳಿರಲಿಲ್ಲ. ಹೀಗೆ ಯಾರೂ ಬಂದು ಒಯ್ಯದ ಪುಸ್ತಕಗಳು ಕಪಾಟಿನಲ್ಲಿ ಒಟ್ಟು ಮೂವತ್ತೊಂದು ಇದ್ದವು. ಮಿಕ್ಕ ಮೂವತ್ತರ ಮಾತು ಬೇರೆ, ಅವುಗಳ ಯಜಮಾನರು ಇವತ್ತಲ್ಲದಿದ್ದರೆ ಮುಂದಿನ ವರ್ಷ ಬಂದರೂ ನಡೆಯುತ್ತಿತ್ತು. ಈ ಒಂದಕ್ಕೆ ಮಾತ್ರ ಕಾಯುವ ಪುರುಸೊತ್ತಿರಲಿಲ್ಲ. ಅದನ್ನು ಕೇಳಬೇಕಾದ ಮುದುಕಿ ದಿನದಿನಕ್ಕೂ ಒಂದೊಂದನ್ನೇ ಮರೆಯುತ್ತಿದ್ದಳು, ಇದು ಅವನಿಗೆ ಊಟಕ್ಕೆ ಕೂತಾಗಲೂ ನೆನಪಾಗುತ್ತಿತ್ತು.

ರಟ್ಟಣ್ಣನ ಮಗಳು ಕಣ್ಣಿನ ಆಸ್ಪತ್ರೆಯೊಂದರ ಬಾಗಿಲ ಹತ್ತಿರದ ಮೇಜಿನ ಹಿಂದೆ ಕೂತು, ಬಂದವರಿಗೆ ಟೋಕನ್ ಕೊಡುತ್ತಿದ್ದಳು. ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಡಾಕ್ಟರುಗಳ ರಜೆಯ ದಿನ ಬದಲಾಯಿಸುವುದೂ ಅವಳ ಪಾಲಿಗೇ ಬಿದ್ದಿದ್ದರಿಂದ ಆ ಕೆಲಸ ಅಷ್ಟಿಷ್ಟು ಬರುತ್ತಿತ್ತು. ಒಂದು ವರ್ಷ ಹೀಗೇ ಕಳೆದ ಮೇಲೆ, ಅಪ್ಪನ ಮುಖ ನೋಡಲಾರದೆ ಅವಳು ಪುಕ್ಕಟೆ ಸಿಗುವ ಕಡೆ ಒಂದು ವೆಬ್‌ಸೈಟ್ ಮಾಡಿದಳು. ಮೊದಲ ಪುಟದಲ್ಲಿ ಅಪ್ಪನ ಫೋಟೋ, ಫೋನ್ ನಂಬರು. ಒಳಗೆ ಒಂದೊಂದು ಪುಸ್ತಕಕ್ಕೆ ಒಂದೊಂದು ಪುಟ, ಅದರ ಹೆಸರು, ಮೊದಲ ಸಾಲು, ಬೆನ್ನಿನ ಚಿತ್ರ. ಪುಸ್ತಕಗಳ ಪಟ್ಟಿಯನ್ನು ಮೊದಲ ಪುಟದಲ್ಲೇ ಹಾಕುತ್ತೇನೆಂದು ಅವಳು ಹೊರಟಾಗ ರಟ್ಟಣ್ಣ ಬಿಲ್‌ಕುಲ್ ಒಪ್ಪಲಿಲ್ಲ.

"ಯಾರ್ಯಾರದೋ ಮನೆ ಪುಸ್ತಕಾನ ಅಂಗಡಿ ಬಾಗಿಲಲ್ಲಿ ಸಾಲಾಗಿ ನೇತು ಹಾಕಿದ ಹಾಗಾಗುತ್ತೆ. ಬೇಡ. ಹುಡುಕ್ಕೊಂಡು ಬಂದೋರಿಗೆ ಅವರವರದ್ದು ಸಿಕ್ಕರೆ ಸಾಕು," ಎಂದ.

ಮಗಳು ಅಪ್ಪನ ಹಟಕ್ಕೆ ಸೋತು ಪಟ್ಟಿ ತೆಗೆದುಹಾಕಿದಳು. ಅವರವರದ್ದು ಅವರವರಿಗೆ ಸಿಗುತ್ತದೆ ಎಂದು ರಟ್ಟಣ್ಣ ನಂಬಿ ಕೂತ. ದಿನಾ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ, ಫೋನಿನ ಸರ್ಚ್‌ನಲ್ಲಿ ಒಂದೇ ಬೆರಳಿನಿಂದ 'ಅಮ್ಮನ ಗೊಣಗಾಟ' ಎಂದು ಒತ್ತುತ್ತಿದ್ದ. ಗೊಣಗುವ ಅತ್ತೆಯನ್ನು ನಿಭಾಯಿಸಲು ಹತ್ತು ದಾರಿಗಳು ಬರುತ್ತಿದ್ದವು. ಗೊಣಗುವ ಗಂಡನಿಗೆ ಏಳು ದಾರಿಗಳು ಬರುತ್ತಿದ್ದವು. ಅವನ ಪುಟ ಮಾತ್ರ ನಾಲ್ಕು ತಿಂಗಳಾದರೂ ಬರಲಿಲ್ಲ. ಹಾಗಾದರೆ ಮಗಳು ಮಾಡಿದ ಪುಟ ಇರುವುದಾದರೂ ಎಲ್ಲಿ ಎಂಬುದು ಅವನಿಗೆ ಬಗೆಹರಿಯಲಿಲ್ಲ. ಅವಳ ಫೋನಿನಲ್ಲಿ ಕಾಣುತ್ತದೆ, ಇವನ ಫೋನಿನಲ್ಲಿ ಹುಡುಕಿದರೆ ಇಲ್ಲ. ಇದ್ದೂ ಇಲ್ಲದ ಪುಟವನ್ನು ಅವನು ನಲವತ್ತು ವರ್ಷದಲ್ಲಿ ಕಂಡಿರಲಿಲ್ಲ.

ಒಂದು ದಿನ ಹನ್ನೊಂದು ಗಂಟೆಗೆ ಮಗಳ ಫೋನು ಬಂತು.

"ಅಪ್ಪ, ಗೊತ್ತಾಯ್ತು. ನಾವು ಸೈಟ್ ಮ್ಯಾಪ್ ಕೊಟ್ಟೇ ಇಲ್ಲ. ಅದು ಕೊಡದೆ ನಮ್ಮದು ಎಲ್ಲೆಲ್ಲಿದೆ ಅಂತ ಸರ್ಚ್‌ನವರಿಗೆ ಹೇಗೆ ಗೊತ್ತಾಗ್ಬೇಕು? ಮೊದಲು ಅದನ್ನ ಮಾಡಿ ಸಬ್ಮಿಟ್ ಮಾಡ್ಬೇಕು. ತಡಿ, ಪೇಷಂಟ್ ಬಂದ್ರು." ಫೋನು ಕಟ್ಟಾಯಿತು.

ಸೈಟು ಎಂದರೆ ರಟ್ಟಣ್ಣನಿಗೆ ಗೊತ್ತಿದ್ದದ್ದು ಒಂದೇ ಅರ್ಥ, ನಮಗೆ ನಿಮಗೆಲ್ಲ ಗೊತ್ತಿರುವ ಅರ್ಥ. ನಾಲ್ಕು ಮೂಲೆಗೆ ಕಲ್ಲು ನೆಟ್ಟ ನೆಲ, ಅದರ ಮೇಲೆ ಮುಂದೊಂದು ದಿನ ಮನೆ. ಅದರ ಮ್ಯಾಪು ಎಂದರೆ ನಕ್ಷೆ. ಅವನಿಗೆ ಮಗಳ ಮಾತು ಬಹಳ ಸರಿಯೆನಿಸಿತು. ಟೈರ್ ಅಂಗಡಿಯ ಹಿಂದೆ, ನೀರಿನ ಟ್ಯಾಂಕಿನ ಪಕ್ಕದ ಮೆಟ್ಟಿಲು ಹತ್ತಿ ಬರಬೇಕಾದ ಈ ರೂಮನ್ನು ಹುಡುಕಲಾರದೆ ಪೋಸ್ಟ್‌ಮ್ಯಾನೇ ಎರಡು ಸಲ ವಾಪಸು ಹೋಗಿದ್ದ. ಪಾಪ, ಸರ್ಚ್‌ನವರು ಹೇಗೆ ಹುಡುಕಿಯಾರು? ಇಷ್ಟು ದಿನ ಅವರನ್ನು ಬೈದದ್ದು ತಪ್ಪಾಯಿತು ಎಂದುಕೊಂಡು, ಕೈಯ ಅಂಟು ಒರೆಸಿ, ಎದುರು ಕಟ್ಟಡದಲ್ಲಿ ಮನೆಗಳ ಪ್ಲಾನು ಬರೆದುಕೊಡುವ ನಕ್ಷೆಯವನ ಹತ್ತಿರ ಹೋದ.

"ಯಾವ ಸೈಟು? ಅಳತೆ ಎಷ್ಟು?" ಎಂದು ಕೇಳಿದ ನಕ್ಷೆಯವನು.

"ನಂದೇ ಅಂಗಡಿ. ಬಾಡಿಗೆ ರೂಮು."

"ಬಾಡಿಗೆ ರೂಮಿಗೆ ಸೈಟ್ ಮ್ಯಾಪ್ ಯಾರು ಕೇಳ್ತಾರೆ ರಟ್ಟಣ್ಣ?"

"ಸರ್ಚ್‌ನವರು."

ನಕ್ಷೆಯವನು ಪೆನ್ಸಿಲ್ ಕೆಳಗಿಟ್ಟ. ಅವನಿಗೂ ಅರ್ಥವಾಗಲಿಲ್ಲ, ಆದರೆ ಇಪ್ಪತ್ತೈದು ವರ್ಷ ಆಫೀಸುಗಳಿಗೆ ನಕ್ಷೆ ಕೊಟ್ಟವನು ಅರ್ಥವಾಗಲಿಲ್ಲ ಎಂದು ಹೇಳುವುದುಂಟೆ? "ಹೊಸ ರೂಲ್ಸ್ ಇರ್ಬೇಕು," ಎಂದ. "ಮೂರು ಕಾಪಿ ಮಾಡ್ಕೊಡ್ತೀನಿ. ಯಾವ ಆಫೀಸಾದ್ರೂ ಮೂರು ಕಾಪಿ ಕೇಳೇ ಕೇಳುತ್ತೆ."

ಕೆಲಸ ಮಾತ್ರ ಶ್ರದ್ಧೆಯಿಂದ ಮಾಡಿದ. ಟೇಪು ಹಿಡಿದು ಬಂದು ರೂಮು ಅಳೆದ. ಮುಖ್ಯ ರಸ್ತೆ, ಔಷಧಿ ಅಂಗಡಿ, ಟೈರ್ ಅಂಗಡಿಯ ಮುಂದೆ ಪೇರಿಸಿದ ಟೈರುಗಳು, ನೀರಿನ ಟ್ಯಾಂಕು, ಹದಿನೆಂಟು ಮೆಟ್ಟಿಲು, ಎಲ್ಲವೂ ಬಂದವು. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣವೂ ಬಂತು. ಮೆಟ್ಟಿಲನ್ನು ಒಂದೊಂದಾಗಿ ಎಣಿಸಿ ಗೀಚಿದ್ದ.

ಸಂಜೆ ಸುರುಳಿ ಸುತ್ತಿದ ಆ ಕಾಗದ ಕಂಕುಳಲ್ಲಿ ಇಟ್ಟುಕೊಂಡು ರಟ್ಟಣ್ಣ ಮನೆಗೆ ಬಂದಾಗ ಹೆಂಡತಿ ಬಟ್ಟೆ ಮಡಚುತ್ತಿದ್ದಳು.

"ಏನ್ರೀ ಅದು?"

"ಸೈಟ್ ಮ್ಯಾಪು."

ಅವಳ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಮದುವೆಯಾದ ವರ್ಷದಿಂದ ಒಂದು ಸೈಟು, ಒಂದು ಸೈಟು ಎಂದು ಕೇಳಿ ಕೇಳಿ ಬಾಯಿ ನೋಯಿಸಿಕೊಂಡು ಸುಮ್ಮನಾಗಿದ್ದವಳು ಅವಳು. "ನನಗೊಂದು ಮಾತು ಹೇಳ್ದೆ ಅಪ್ಪ ಮಗಳು ಸೇರ್ಕೊಂಡು... ಎಲ್ಲಿ? ಎಷ್ಟಕ್ಕೆಷ್ಟು? ಮೂವತ್ತು ನಲವತ್ತಾ?"

"ಮೂವತ್ತೊಂದು."

"ಮೂವತ್ತೊಂದು ಇಂಟು?"

"ಇಂಟು ಏನಿಲ್ಲ. ಮೂವತ್ತೊಂದು ಪುಟ."

ಅವಳಿಗೆ ತಲೆಬುಡ ತಿಳಿಯಲಿಲ್ಲ. ಹೇಳಲು ಹೊರಟವನಿಗೂ ತಿಳಿದಿರಲಿಲ್ಲ. ಹೀಗೆ ಇಬ್ಬರೂ ಕಣ್ಣು ಕಣ್ಣು ಬಿಡುತ್ತಾ ಕೂತಿದ್ದಾಗ ಮಗಳು ಆಸ್ಪತ್ರೆಯಿಂದ ಬಂದಳು. ನಕ್ಷೆ ಬಿಚ್ಚಿ ನೋಡಿ, ಚೀಲವನ್ನೂ ಕೆಳಗಿಡದೆ ಗೋಡೆಗೆ ಒರಗಿ ನಕ್ಕಳು. ಅಪ್ಪನ ಮುಖ ಸಣ್ಣದಾದದ್ದು ಕಂಡು ನಗು ನುಂಗಿಕೊಂಡು ಪಕ್ಕದಲ್ಲಿ ಕೂತಳು.

"ಆ ಸೈಟ್ ಅಲ್ಲಪ್ಪ, ವೆಬ್‌ಸೈಟ್. ಸರ್ಚ್‌ನವರ ಹತ್ರ ಒಂದು ಪ್ರೋಗ್ರಾಂ ಇರುತ್ತೆ. ಅದು ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಹಿಡ್ಕೊಂಡು ತೆವಳ್ತಾ ಹೋಗುತ್ತೆ. ಹೋಗ್ತಾ ಹೋಗ್ತಾ ಕಂಡಿದ್ದನ್ನೆಲ್ಲ ಗುರುತು ಹಾಕ್ಕೊಳ್ಳುತ್ತೆ. ಅದಕ್ಕೆ ಜೇಡ ಅಂತಾನೂ ಅಂತಾರೆ."

"ಹುಳ ಬಿಡ್ತಾರಾ? ಪುಟಕ್ಕೆ?"

ನಲವತ್ತು ವರ್ಷ ಅಂಟಿಗೆ ಮೈಲುತುತ್ತ ಬೆರೆಸಿ ಪುಸ್ತಕದಿಂದ ಹುಳ ಓಡಿಸಿದವನು ಅವನು. ಈಗ ಹುಳ ಬರಲಿಲ್ಲವೆಂದೇ ಕೆಲಸ ಕೆಟ್ಟಿದೆ ಎಂದರೆ ಅವನು ಏನೆಂದುಕೊಳ್ಳಬೇಕು?

"ಬರ್ಬೇಕಪ್ಪ ಅದು. ನೀನು ಪಟ್ಟಿ ಬೇಡ ಅಂದೆ, ನಾನು ಮೊದಲ ಪುಟದಿಂದ ಒಳಗಡೆಗೆ ದಾರೀನೇ ಇಡಲಿಲ್ಲ. ಅದು ಬಂದು, ನಿನ್ನ ಫೋಟೋ ನೋಡಿ, ಇಷ್ಟೇ ಇರೋದು ಅಂತ ವಾಪಸ್ ಹೋಯ್ತು. ಅದಕ್ಕೇ ಈಗ ಒಳಗಿರೋ ಎಲ್ಲ ಪುಟದ ವಿಳಾಸಾನೂ ಒಂದು ಕಡೆ ಬರೆದು ಅವರ ಕೈಗೆ ಕೊಡ್ಬೇಕು. ಅದೇ ಸೈಟ್ ಮ್ಯಾಪ್."

ರಟ್ಟಣ್ಣ ತಲೆ ಕೆರೆದುಕೊಂಡ. "ಅಂದ್ರೆ ಪರಿವಿಡಿ ಅನ್ನು."

"ಪರಿವಿಡೀನೇ."

"ಹಾಗಂತ ಮೊದಲೇ ಹೇಳಬಾರದಿತ್ತಾ ನೀನು?"

ತನ್ನ ಹಟದಿಂದಲೇ ನಾಲ್ಕು ತಿಂಗಳು ಹೋಯಿತು ಎಂಬುದು ಮಾತ್ರ ಅವನಿಗೆ ಸರಿಯಾಗಿ ಅರ್ಥವಾಯಿತು. ಹೆಂಡತಿ ನಕ್ಷೆಯನ್ನು ಮತ್ತೆ ಸುರುಳಿ ಸುತ್ತುತ್ತಾ, "ಮೂವತ್ತೈದು ವರ್ಷಕ್ಕೆ ಒಂದು ಸೈಟು ಮಾಡಿದ್ರಿ, ಅದರಲ್ಲೂ ಒಂದು ಗೂಟ ಹೊಡೆಯೋ ಹಾಗಿಲ್ಲ," ಎಂದು ಒಳಗೆ ಹೋದಳು. ಆದರೂ ನಕ್ಷೆಯನ್ನು ಎಸೆಯದೆ ಬೀರುವಿನ ಮೇಲಿಟ್ಟಳು.

ಮಗಳು ಆ ಸಂಜೆಯೇ ಮೂವತ್ತೊಂದು ವಿಳಾಸಗಳನ್ನು ಸಾಲಿಗೊಂದರಂತೆ ಬರೆದು ಕಳಿಸಿದಳು. ಪಟ್ಟಿ ತಲುಪಿದೆ ಎಂದು ಉತ್ತರವೂ ಬಂತು.

"ಇನ್ನು ಯಾವಾಗ ಕಾಣುತ್ತೆ?"

"ಅದು ಅವರಿಷ್ಟ ಅಪ್ಪ. ಪಟ್ಟಿ ಕೊಟ್ಟ ಮಾತ್ರಕ್ಕೆ ಸೇರಿಸ್ಕೊಳ್ಳಲೇಬೇಕು ಅಂತೇನೂ ಇಲ್ಲ. ನಾಳೆ ನೋಡೋಣ."

ಮರುದಿನ ಕೇಳಿದರೂ ಅವಳು ನಾಳೆ ನೋಡೋಣ ಎಂದಳು. ಅದರ ಮರುದಿನವೂ ಹಾಗೇ ಎಂದಳು. ಜೀವಮಾನವಿಡೀ ಊರಿಗೆಲ್ಲ ಹೇಳಿದ ಮಾತನ್ನು ತಾನೇ ನಿಂತು ಕೇಳಿಸಿಕೊಳ್ಳುವುದು ಹೇಗಿರುತ್ತದೆಂದು ರಟ್ಟಣ್ಣನಿಗೆ ಗೊತ್ತಾಯಿತು. ಮೂರು ಸಲ ಬಂದು ಮೂರು ಸಲವೂ ಟವೆಲನ್ನು ಖಾಲಿ ಮಡಚಿಕೊಂಡು ಹೋದ ಆ ಹೆಂಗಸನ್ನು ನೆನೆದು ಅವನಿಗೆ ನಾಚಿಕೆಯಾಯಿತು. ಅವತ್ತಿನಿಂದ ಅಂಗಡಿಗೆ ಬಂದವರಿಗೆ ನಾಳೆ ಎನ್ನುವುದನ್ನು ಬಿಟ್ಟು ದಿನಾಂಕ ಹೇಳತೊಡಗಿದ. ಜನ ಇವನಿಗೇನೋ ಮೈ ಸರಿಯಿಲ್ಲ ಎಂದುಕೊಂಡರು.

ಮೂರು ವಾರದಲ್ಲಿ ಪುಟಗಳು ಒಂದೊಂದಾಗಿ ಕಾಣತೊಡಗಿದವು. ರಿಟೈರಾದ ಮೇಷ್ಟರೊಬ್ಬರು ಫೋನು ಮಾಡಿ, ಮುಂದಿನ ಭಾನುವಾರ ಬಂದು ತಮ್ಮ ಭೂಪಟಗಳ ಪುಸ್ತಕ ಒಯ್ಯುತ್ತೇನೆ ಎಂದರು. ಯಾರೋ ನಿಘಂಟು ತಮ್ಮದೆಂದರು. ಆದರೆ 'ಅಮ್ಮನ ಗೊಣಗಾಟ' ಎಂದು ಒತ್ತಿದರೆ ಮತ್ತದೇ ಅತ್ತೆ, ಅದೇ ಗಂಡ. ಮೂವತ್ತು ಸಿಗುತ್ತವೆ, ಬೇಕಾದ ಒಂದು ಸಿಗುವುದಿಲ್ಲ. ಹುಳಕ್ಕೂ ಗೊಣಗಾಟ ಕೇಳುವ ತಾಳ್ಮೆ ಇಲ್ಲವೇ ಎಂದು ಅವನಿಗೆ ಪೂರಾ ಗೊಂದಲವಾಯಿತು.

"ಪಟ್ಟೀಲಿ ಮೂವತ್ತೊಂದೂ ಇದೆಯಪ್ಪ, ಎರಡು ಸಲ ಎಣಿಸಿದ್ದೀನಿ," ಎಂದಳು ಮಗಳು.

ಎಣಿಸಿದ್ದೀನಿ ಎಂಬ ಮಾತು ಕೇಳಿದ್ದೇ ರಟ್ಟಣ್ಣನ ಕಿವಿ ನೆಟ್ಟಗಾಯಿತು. ಬಹಳ ದಿನಗಳ ಮೇಲೆ ಅವನಿಗೆ ಗೊತ್ತಿರುವ ಸಂಗತಿಯೊಂದು ಎದುರಿಗೆ ಬಂದಿತ್ತು.

"ಆ ಪರಿವಿಡೀನ ಕಾಗದದ ಮೇಲೆ ಪ್ರಿಂಟ್ ಹಾಕ್ಕೊಂಡು ಅಂಗಡಿಗೆ ಬಾ," ಎಂದ.

ಶನಿವಾರ ಮಧ್ಯಾಹ್ನ ಮಗಳು ಪಟ್ಟಿ ಹಿಡಿದು ಸ್ಟೂಲಿನ ಮೇಲೆ ಕೂತಳು. ರಟ್ಟಣ್ಣ ಕಪಾಟಿನ ಮುಂದೆ ನಿಂತ. ಅವಳು ಒಂದು ಸಾಲು ಓದಿದರೆ ಅವನು ಆ ಪುಸ್ತಕ ತೆಗೆದು ಮೇಜಿನ ಮೇಲಿಡಬೇಕು. ಭೂಪಟ ಬಂತು, ನಿಘಂಟು ಬಂತು, ವಂಶವೃಕ್ಷ ಬಂತು. ಹತ್ತೊಂಬತ್ತನೆಯ ಸಾಲಿಗೆ ಅವಳು "ಅಮ್ಮನ ಪತ್ರಗಳು" ಎಂದಳು. ಅವನು ತೆಗೆದಿಟ್ಟ. ಇಪ್ಪತ್ತನೆಯ ಸಾಲಿಗೆ ಮತ್ತೆ "ಅಮ್ಮನ ಪತ್ರಗಳು" ಎಂದಳು. ಅವನ ಕೈ ಕಪಾಟಿನಲ್ಲಿ ತಡಕಾಡಿ ಸುಮ್ಮನೆ ನಿಂತಿತು. ಅವಳೂ ಓದುವುದನ್ನು ನಿಲ್ಲಿಸಿದಳು.

ಉಳಿದವನ್ನೆಲ್ಲ ತೆಗೆದಿಟ್ಟ ಮೇಲೆ ಕಪಾಟಿನಲ್ಲಿ ಒಂದೇ ಪುಸ್ತಕ ಮಿಕ್ಕಿತ್ತು. ಅದರ ಬೆನ್ನಿನ ಬಂಗಾರದ ಅಕ್ಷರ ಇಬ್ಬರಿಗೂ ಕಾಣಿಸುತ್ತಿತ್ತು.

"ಒಂದು ಫಾರಂ ಎರಡು ಸಲ ಬಂದಿದೆ, ಇನ್ನೊಂದು ಬಿಟ್ಟು ಹೋಗಿದೆ," ಎಂದ ರಟ್ಟಣ್ಣ. ಪ್ರಿಂಟಿಂಗ್ ಪ್ರೆಸ್ಸಿನಿಂದ ಹದಿನಾರು ಪುಟಗಳಾಗಿ ಮಡಚುವ ಹಾಳೆಗಳು, ಅಂದರೆ ಫಾರಂಗಳು, ಬಂದಾಗ ಹೊಲಿಯುವ ಮೊದಲು ಅವನು ನೋಡುತ್ತಿದ್ದದ್ದೇ ಇದನ್ನು. "ಎಣಿಸಿದ್ರೆ ಲೆಕ್ಕ ಸರೀನೇ ಬರುತ್ತಮ್ಮ. ಎಣಿಸಬಾರದು, ಜೋಡಿಸಿ ನೋಡ್ಬೇಕು."

"ಎರಡೂ ಅಮ್ಮನ ಅಂತ ಶುರುವಾಗುತ್ತಲ್ಲ, ಕಣ್ಣು ತಪ್ಪಿತು. ಮೂರು ವಾರ ಹಾಳಾಯ್ತು ನನ್ನಿಂದ," ಎಂದಳು ಮಗಳು.

"ನಿನ್ನದು ಮೂರು ವಾರ. ನನ್ನದು ಎರಡು ವರ್ಷ ಇಲ್ವಾ? ಈಗ ಬರಿ."

ಅವಳು ಅಲ್ಲೇ ಕೂತು ಸಾಲು ತಿದ್ದಿ ಪಟ್ಟಿಯನ್ನು ಮತ್ತೆ ಕಳಿಸಿದಳು. ಏನನ್ನಿಸಿತೋ, ಬೀರುವಿನ ಮೇಲಿದ್ದ ನಕ್ಷೆಯ ಫೋಟೋವನ್ನು ಮರುದಿನ ಆ ಪುಟಕ್ಕೆ ಸೇರಿಸಿದಳು. ಒಂಬತ್ತನೆಯ ದಿನ ಬೆಳಿಗ್ಗೆ ರಟ್ಟಣ್ಣ ಒಂದು ಬೆರಳಿನಿಂದ ಒತ್ತಿದಾಗ ಅತ್ತೆಗಿಂತ ಮೇಲೆ, ಗಂಡನಿಗಿಂತ ಮೇಲೆ, ಎಲ್ಲಕ್ಕಿಂತ ಮೊದಲು ಅವನದೇ ಪುಟ ಬಂತು. ಹುಳ ಬಂದದ್ದು ಯಾವಾಗ, ಹೋದದ್ದು ಯಾವಾಗ ಎಂದು ಅವನಿಗೆ ಕೊನೆಗೂ ಗೊತ್ತಾಗಲಿಲ್ಲ.

ಮತ್ತೆ ಐದು ದಿನ ಏನೂ ಇಲ್ಲ. ಆರನೆಯ ದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಾಗಿಲಲ್ಲಿ ಅದೇ ಹೆಂಗಸು ಏದುಸಿರು ಬಿಡುತ್ತಾ ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಅದೇ ಟವೆಲು.

"ನಾಳೆ ಬನ್ನಿ ಅಂದಿದ್ರಿ," ಎಂದಳು. "ಬಂದಿದ್ದೀನಿ."

ರಟ್ಟಣ್ಣ ಕೆಲಸ ಬಿಟ್ಟು ಎದ್ದು ನಿಂತ. ಅಮ್ಮ ಇನ್ನೂ ಇದ್ದಾರಾ ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಅವಳೇ ಹೇಳಿದಳು.

"ವಾರಕ್ಕೊಂದು ಸಲ ಅಮ್ಮನ ಗೊಣಗಾಟ ಅಂತ ಫೋನಲ್ಲಿ ಹುಡುಕ್ತಾನೇ ಇದ್ದೆ. ಮೊನ್ನೆ ಕಾಣಿಸ್ತು. ನಕ್ಷೆ ಹಾಕಿದ್ರಲ್ಲ, ಸೀದಾ ಬಂದ್ವಿ. ಹದಿನೆಂಟು ಮೆಟ್ಟಿಲು ಅಂತ ಅದರಲ್ಲೇ ಇತ್ತು, ಅದಕ್ಕೆ ಅಮ್ಮನ್ನ ಕೆಳಗೆ ಕಾರಲ್ಲೇ ಕೂರಿಸಿ ಬಂದೆ."

ರಟ್ಟಣ್ಣ ಪುಸ್ತಕ ಎತ್ತಿಕೊಂಡು ಅವಳಿಗಿಂತ ಮುಂಚೆ ಮೆಟ್ಟಿಲಿಳಿದ. ಟೈರುಗಳ ಪಕ್ಕದಲ್ಲಿ ಬಾಡಿಗೆ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಸಣ್ಣ ಮುದುಕಿಯೊಬ್ಬಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವನು ಬಾಗಿಲು ತೆರೆದು ಪುಸ್ತಕ ಕೊಟ್ಟ. ಅವಳು ಬೆನ್ನಿನ ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದಳು. ಮುದುಕಿಯ ಮಗಳು ಪಕ್ಕದಲ್ಲಿ ಕೂತು ಮೊದಲ ಪುಟ ಓದಿದಳು.

"ಇವತ್ತೂ ಹಾಲು ಉಕ್ಕಿತು. ಮನೆಯಲ್ಲಿ ಐದು ಜನ, ಹತ್ತು ಕಣ್ಣು. ಹಾಲಿನ ಮೇಲೆ ಇರುವುದು ನನ್ನ ಎರಡು ಮಾತ್ರ. ಉಳಿದ ಎಂಟು ಕಣ್ಣು ಹಾಲು ಯಾಕೆ ಕಡಿಮೆ ಅಂತ ಕೇಳುವುದಕ್ಕೆ ಇವೆ."

ಮುದುಕಿ ತಲೆ ಓರೆ ಮಾಡಿ ಕೇಳಿದಳು. "ಯಾರಮ್ಮ ಇದನ್ನ ಬರೆದಿದ್ದು?"

"ನೀನೇ ಅಮ್ಮ."

"ನಾನಲ್ಲ. ನಾನು ಯಾವತ್ತೂ ಗೊಣಗಿದೋಳಲ್ಲ," ಎಂದಳು ಮುದುಕಿ ಗಟ್ಟಿಯಾಗಿ. ಆಮೇಲೆ ಪುಟದ ಮೇಲೆ ಕೈಯಿಟ್ಟಳು. "ಪಾಪ, ಅವಳ ಮಾತು ಯಾರೂ ಕೇಳಲಿಲ್ಲ ಅಂತ ಕಾಣುತ್ತೆ. ಮುಂದೆ ಓದು."

ಮಗಳ ಕಣ್ಣು ತುಂಬಿ ಅಕ್ಷರ ಕಾಣದಾಯಿತು. ಪುಸ್ತಕ ಮುಚ್ಚಲು ಹೋಗಿ, "ಮನೆಗೆ ಹೋಗೋಣಮ್ಮ. ಮಿಕ್ಕಿದ್ದು ನಾಳೆ ಓದ್ತೀನಿ," ಎಂದಳು.

ರಟ್ಟಣ್ಣ ಕಾರಿನ ಬಾಗಿಲು ಹಿಡಿದುಕೊಂಡೇ ಬಗ್ಗಿದ.

"ನಾಳೆ ಬೇಡಮ್ಮ," ಎಂದ. "ಈಗಲೇ ಓದಿ."

ಡ್ರೈವರು ಹಿಂದೆ ತಿರುಗಿ ಮೂವರ ಮುಖ ನೋಡಿ ಎಂಜಿನ್ ಆರಿಸಿದ. ಮಗಳು ಕಣ್ಣೊರೆಸಿಕೊಂಡು ಎರಡನೆಯ ಪುಟ ತೆರೆದಳು.